ಬಾಲಕರ ಚರಿತ್ರೆ ಬೋಧನೆಯಲ್ಲಿ ಸ್ಥಳೀಯ ಶಾಸನಗಳು

ಪ್ರಾಚೀನ ಚರಿತ್ರೆಯನ್ನು ಕೈಗೆಲಸದ ಮೂಲಕ ಮಕ್ಕಳಿಗೆ ಪರಿಚಯಿಸುವ ಪೆಟ್ಟಿಗೆಗಳು ಈಗ ಬೆಂಗಳೂರಿನ ಅಂಗಡಿಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಒಳಗಿರುವ ಗಚ್ಚಿನ ಗಟ್ಟಿಯನ್ನು ಪುಟ್ಟ ಉಳಿಯಿಂದಲೂ ಕುಂಚದಿಂದಲೂ ಕೆರೆಯುತ್ತ ಹೋದರೆ ಈಜಿಪ್ಟಿನ ಪಿರಮಿಡ್ಡೋ ಮಮ್ಮಿಯ ಗೊಂಬೆಯೋ ಹೊರಬೀಳುತ್ತದೆ. ವೈಟ್‌ಫೀಲ್ಡಿನ ಬಡಾವಣೆಯೊಂದರಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ತಾನು ಹೀಗೆ ಅಗೆದು ತೆಗೆದ ಗೊಂಬೆಯನ್ನು ನನಗೆ ಬಹು ಸಂತೋಷದಿಂದ ತೋರಿಸಿದಳು. ನಿಮ್ಮ ಊರಿನಲ್ಲಿ ಹಳೆಯದೇನಿದೆ ಎಂದು ಕೇಳಿದೆನು. ಇಲ್ಲಿ ಎಲ್ಲವೂ ಹೊಸದು ಎಂದಳು. ಆ ಉತ್ತರವೇ ಪ್ರಕೃತ ಲೇಖನಕ್ಕೆ ಪ್ರೇರಣೆ.

ಬಾಲಕಿಯ ಮಾತಿಗೆ ಆಧಾರವಿಲ್ಲದೆ ಇಲ್ಲ. ವೈಟ್‌ಫೀಲ್ಡ್ ಎಂಬ ವಸತಿಯು ಹುಟ್ಟಿದ್ದು 1880ರ ದಶಕದಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಆರಂಭ 1970ರ ದಶಕದ ಕೊನೆಯಲ್ಲಿ. ಆದರೆ ಹೆಸರುಗಳು ಹೊಸವಾದ ಮಾತ್ರಕ್ಕೆ ನೆಲವು ಹೊಸದಾಗುವುದಿಲ್ಲ. ವೈಟ್‌ಫೀಲ್ಡಿಗೆ ಸೇರಿದಂತಿರುವ ಕಾಡುಗೋಡಿಯಲ್ಲಿ ದೊರೆತ, ರಾಜೇಂದ್ರ ಚೋಳನ ಆಳ್ವಿಕೆಗೆ ಸೇರಿದ 1043ರ ಶಾಸನವು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ ತೂಬುಗಳನ್ನು ಇರಿಸಿದ ಸಂಗತಿಯನ್ನು ತಿಳಿಸುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಸುಮಾರು 890ರ ಗಂಗರ ಕಾಲದ ಶಾಸನವಿದೆ. ಅದರಲ್ಲಿ ಬೆಂಗಳೂರಿನ ಕಾಳಗವೊಂದರ ಉಲ್ಲೇಖ ಬರುತ್ತದೆ. ಪೀಣ್ಯದ ನೆರೆಯ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತವು. ಹೀಗೆ ನಗರದ ಹೊರವಲಯದ ಮೂರು ಭಾಗಗಳಲ್ಲಿಯೂ ಮಕ್ಕಳ ಕೈಗೆ ಕೊಡಬಹುದಾದ ಸಾಮಗ್ರಿ ಮನೆಯ ಬಳಿಯಲ್ಲಿಯೇ ಇದೆ.

ಅಂಗಡಿಯ ಪೆಟ್ಟಿಗೆಗಳನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ತಾಳ್ಮೆಯನ್ನೂ ಕೈಯ ಎಚ್ಚರವನ್ನೂ ಅವು ಕಲಿಸುತ್ತವೆ. ಅವುಗಳ ಕೊರತೆ ಬೇರೆಡೆ ಇದೆ: ಮಗುವು ಕಂಡುಹಿಡಿಯುವ ವಸ್ತುವನ್ನು ತಯಾರಕನು ಮೊದಲೇ ಒಳಗೆ ಇಟ್ಟಿರುತ್ತಾನೆ. ಉತ್ತರವು ನಿಶ್ಚಿತ, ಸಂಶಯಕ್ಕೆ ಎಡೆಯಿಲ್ಲ. ಚರಿತ್ರೆಯಾದರೋ ಸಂಶಯದಿಂದಲೇ ಮೊದಲಾಗುವ ಶಾಸ್ತ್ರ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಪ್ರಕಟವಾಗತೊಡಗಿದ ಜ್ಯಾಕ್‌ಡಾ ಎಂಬ ಹೊದಿಕೆಗಳಲ್ಲಿ ಹಳೆಯ ಪತ್ರ, ನಕ್ಷೆ, ದಾಖಲೆಗಳ ಯಥಾಪ್ರತಿಗಳನ್ನು ಸೇರಿಸಿ ಶಾಲೆಗಳಿಗೆ ಒದಗಿಸಿದರು. ವಿದ್ಯಾರ್ಥಿಗೆ ನಿರ್ಣಯವನ್ನಲ್ಲ, ಆಧಾರವನ್ನು ಕೊಡಬೇಕೆಂಬುದೇ ಅಲ್ಲಿಯ ತತ್ತ್ವ.

ಬೇಗೂರಿನ ಶಾಸನದಿಂದ ಈ ತತ್ತ್ವವನ್ನು ಸುಲಭವಾಗಿ ಆಚರಣೆಗೆ ತರಬಹುದು. ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು, ಆದುದರಿಂದ ಊರಿಗೆ ಬೆಂದಕಾಳೂರು ಎಂಬ ಹೆಸರು ಬಂದಿತು ಎಂಬ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಇಮ್ಮಡಿ ಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ; ಬೆಂಗಳೂರೆಂಬ ಹೆಸರು ಸುಮಾರು 890ರ ಕಲ್ಲಿನಲ್ಲಿಯೇ ಇದೆ. ಈ ಎರಡು ವರ್ಷಗಳನ್ನು ಎರಡು ಚೀಟಿಗಳಲ್ಲಿ ಬರೆದು ಮಗುವಿನ ಮುಂದಿಟ್ಟರೆ ಸಾಕು. ಕಳೆಯುವ ಲೆಕ್ಕ ಬಲ್ಲ ಮಗುವೇ ಕಥೆಯನ್ನು ಪ್ರಶ್ನಿಸುತ್ತದೆ. ಆಗ ಅಧ್ಯಾಪಕನು ಕಥೆಯನ್ನು ಹಾಸ್ಯ ಮಾಡದೆ, ಜನರು ಊರ ಹೆಸರಿಗೆ ಇಂಥ ಕಾರಣವನ್ನು ಏಕೆ ಕಲ್ಪಿಸಿಕೊಂಡರೆಂಬ ಎರಡನೆಯ ಪ್ರಶ್ನೆಗೆ ಮಕ್ಕಳನ್ನು ಒಯ್ಯಬೇಕು.

ಇಂಥ ಪೆಟ್ಟಿಗೆಯಲ್ಲಿ ಏನೇನಿರಬೇಕು? ಶಾಸನದ ಸಣ್ಣ ಪ್ರತಿರೂಪ; ಒದ್ದೆಯ ಕಾಗದವನ್ನು ಅದರ ಮೇಲೆ ಹೊಡೆದು ಕೂರಿಸಿ, ಮಸಿ ತಟ್ಟಿ ಪಡಿಯಚ್ಚು ತೆಗೆಯಲು ಕುಂಚ ಮತ್ತು ಅರಿವೆಯ ಉಂಡೆ; ಅಂದಿನ ಅಕ್ಷರಗಳನ್ನೂ ಇಂದಿನ ಅಕ್ಷರಗಳನ್ನೂ ಎದುರುಬದುರಾಗಿ ತೋರಿಸುವ ಪಟ್ಟಿ; ಕೆರೆ, ತೂಬು, ಗದ್ದೆಗಳನ್ನು ಜೇಡಿಮಣ್ಣಿನಲ್ಲಿ ಮಾಡಲು ಒಂದು ನಕ್ಷೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಈ ಪ್ರದೇಶದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸುತ್ತಿರುವುದರಿಂದ ಪ್ರತಿರೂಪದ ತಯಾರಿಕೆ ಹಿಂದಿನಷ್ಟು ಕಷ್ಟವಲ್ಲ. ಮೂಲಶಿಲೆಯ ಮೇಲೆ ಮಾತ್ರ ಮಕ್ಕಳಿಂದ ಮಸಿಯನ್ನಾಗಲಿ ಸುಣ್ಣದ ಕಡ್ಡಿಯನ್ನಾಗಲಿ ಹಚ್ಚಿಸಕೂಡದು. ಮುಕ್ಕಾದ ಅಕ್ಷರಗಳನ್ನು ಪ್ರತಿರೂಪದಲ್ಲಿ ತಿದ್ದದೆ ಹಾಗೆಯೇ ಉಳಿಸಬೇಕು. ಓದಲಾಗದ ಸ್ಥಳವನ್ನು ಓದಲಾಗಲಿಲ್ಲವೆಂದು ಬರೆಯುವ ಪ್ರಾಮಾಣಿಕತೆಯೇ ಮಗುವು ಕಲಿಯಬೇಕಾದ ಮೊದಲ ಪಾಠ.

ಈ ಪ್ರದೇಶದ ಶಾಲೆಗಳಲ್ಲಿ ಅನೇಕ ಭಾಷೆಗಳ ಮನೆಗಳಿಂದ ಬಂದ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಬೇಗೂರಿನ ಶಾಸನ ಕನ್ನಡದ್ದು. ದೊಮ್ಮಲೂರಿನ ಚೊಕ್ಕನಾಥ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಯಶವಂತಪುರದ ನಾಣ್ಯಗಳಿಗೆ ಕಡಲಾಚೆಯ ಮುದ್ರೆ. ಹೊರಗಿನಿಂದ ಬಂದವರೂ ಇಲ್ಲಿಯವರೂ ಕೂಡಿ ಬಾಳಿದ ನೆಲವಿದೆಂದು ಉಪದೇಶಿಸಬೇಕಾಗಿಲ್ಲ. ಸಾಕ್ಷ್ಯಗಳನ್ನು ಜೋಡಿಸಿಟ್ಟರೆ ಅದು ತಾನಾಗಿಯೇ ಕಾಣುತ್ತದೆ.

ಇದು ಕೇವಲ ಬೋಧನಕ್ರಮದ ಪ್ರಶ್ನೆಯೂ ಅಲ್ಲ. ರಸ್ತೆ ಅಗಲವಾಗುವಾಗ, ಪಾಯ ತೋಡುವಾಗ ವೀರಗಲ್ಲುಗಳು ಹಾಸುಗಲ್ಲುಗಳಾಗುತ್ತವೆ, ಮಣ್ಣಿನಡಿ ಸೇರುತ್ತವೆ. ಹೀಗೆ ಕಳೆದುಹೋದದ್ದನ್ನು ಯಾವ ಪೆಟ್ಟಿಗೆಯೂ ಮರಳಿ ಕೊಡಲಾರದು. ಕಲ್ಲಿನ ಮೇಲಿನ ಗೆರೆ ಅಕ್ಷರವಿರಬಹುದೆಂದು ಒಮ್ಮೆ ತಿಳಿದ ಮಗುವು ಅದರ ಮೇಲೆ ಕಾಲಿಡುವ ಮುನ್ನ ಬಗ್ಗಿ ನೋಡುತ್ತದೆ. ನಮ್ಮ ಅಧ್ಯಾಪಕ ಮಿತ್ರರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಒಂದೊಂದು ಶಾಸನಕ್ಕೆ ಇಂಥ ಪೆಟ್ಟಿಗೆಯೊಂದನ್ನು ಸಿದ್ಧಪಡಿಸುವರಾದರೆ, ಇಲ್ಲಿ ಎಲ್ಲವೂ ಹೊಸದು ಎಂಬ ಆ ಬಾಲಕಿಯ ಮಾತಿಗೆ ತಕ್ಕ ಉತ್ತರ ದೊರೆತಂತಾಗುತ್ತದೆ.