ಎರಿ ಮಣ್ಣಿಗಿಂತ ಹಳೇದು ಹೂವಿನ ಕಥಿ

ಈ ಸಲ ಮಳಿ, ರೇಟು ಬಿಟ್ಟು ಸ್ವಲ್ಪ ಇತಿಹಾಸ ಬರೀತೀನಿ. ಇದು ಮುತ್ತಜ್ಜನ ಕಾಲದ್ದಲ್ಲ, ಕೋಟಿ ವರ್ಷಗಳ ಲೆಕ್ಕ.

ನೆಲದ ಮೇಲೆ ಗಿಡ ಹುಟ್ಟಿ 45 ಕೋಟಿ ವರ್ಷದ ಮೇಲಾತು. ಆದ್ರ ಅದರಾಗ ಬಹುಪಾಲು ಕಾಲ ಭೂಮಿ ಮೇಲೆ ಒಂದೂ ಹೂವಿರಲಿಲ್ಲ. ಜರಿಗಿಡ, ಪೈನ್ ಜಾತಿಯ ಮರಗಳೇ ತುಂಬಿದ್ದವು. ಪೈನ್ ಮರ ಇವತ್ತಿಗೂ ಪರಾಗವನ್ನ ಗಾಳಿಗೆ ತೂರತೈತಿ. ನೂರು ಚೀಲ ತೂರಿದ್ರ ಹಿಡಿಯಷ್ಟು ಸೇರಬೇಕಾದ ಕಡೆ ಸೇರತೈತಿ.

ಸುಮಾರು 13 ಕೋಟಿ ವರ್ಷದ ಹಿಂದಿನ ಕಲ್ಲುಗಳಲ್ಲಿ ಹೂಗಿಡಗಳ ಪರಾಗ ಕಾಣಿಸಿಕೊಳ್ಳುತ್ತದೆ. ಆಮೇಲೆ ಅವು ಎಷ್ಟು ಬೇಗ ಹಬ್ಬಿದವು ಅಂದ್ರ, 1879ರಲ್ಲಿ ಡಾರ್ವಿನ್ ತನ್ನ ಗೆಳೆಯ ಹೂಕರ್‌ಗೆ ಬರೆದ ಪತ್ರದಲ್ಲಿ ಇದನ್ನ ಬಿಡಿಸಲಾಗದ ಒಗಟು ಅಂತ ಗೋಳಾಡಿದ್ದ. ಈಗ ಹೂಗಿಡಗಳ ಜಾತಿ ಸುಮಾರು 3 ಲಕ್ಷ. ಪೈನ್ ಕಡೆಯವು ಸಾವಿರದ ಆಸುಪಾಸು ಅಷ್ಟೇ.

ಗುಟ್ಟೇನು? ಒಂದು, ಪರಾಗ ಒಯ್ಯೋಕೆ ಹುಳಗಳನ್ನ ಕೂಲಿಗೆ ಹಚ್ಚಿದವು. ಕೂಲಿ ಅಂದ್ರ ಮಕರಂದ. ಇನ್ನೊಂದು, ಉಳಿತಾಯ. ಪೈನ್ ಮರ ಬೀಜದ ಬುತ್ತಿಯನ್ನ ಮೊದಲೇ ಕಟ್ಟಿಡತೈತಿ. ಹೂಗಿಡ ಗರ್ಭ ಕಟ್ಟಿದ ಮೇಲಷ್ಟೇ ಬುತ್ತಿ ತುಂಬತೈತಿ. ನಾವು ತಿನ್ನೋ ಜೋಳದ ಹಿಟ್ಟಿನಾಗ ಬಹುಪಾಲು ಆ ಬುತ್ತಿನೇ.

ನಮ್ಮ ನೆಲದ್ದೂ ಒಂದು ಸಾಕ್ಷಿ ಐತಿ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಕಲ್ಲಾದ ಡೈನೋಸಾರ್ ಸಗಣಿ ಸಿಕ್ಕಿತು. ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಜೊತೆಗಾರರು ಅದರಲ್ಲಿ ಹುಲ್ಲಿನ ಗುರುತು ಹುಡುಕಿ 2005ರಲ್ಲಿ ಪ್ರಕಟಿಸಿದರು. ಭತ್ತದ ಬಳಗದ್ದೂ ಇತ್ತು! ಹೆಚ್ಚೂಕಡಿಮೆ ಅದೇ ಕಾಲಕ್ಕೆ, 6.6 ಕೋಟಿ ವರ್ಷದ ಹಿಂದೆ, ದಖ್ಖನ್ನಿನಲ್ಲಿ ಲಾವಾ ಹರಿಯಿತು. ಆ ಕಲ್ಲು ಸವೆದೇ ನಮ್ಮ ಎರಿ ಮಣ್ಣಾತು. ಅಂದ್ರ ನೋಡ್ರಿ, ಹೂವು ನಮ್ಮ ಮಣ್ಣಿಗಿಂತ ಹಿರೀದು.

ಮುಂದೆ ಹುಲ್ಲಿನ ವಂಶ ಹುಳದ ಕೂಲಿ ಬಿಡಿಸಿ ಮತ್ತೆ ಗಾಳಿ ಹಿಡೀತು. ಅದಕ್ಕೇ ಗೋವಿನಜೋಳಕ್ಕೆ ಜೇನು ಬೇಕಾಗಂಗಿಲ್ಲ. ಸೂರ್ಯಕಾಂತಿ ಹಂಗಲ್ಲ. ಒಂದು ತಟ್ಟೆ ಅಂದ್ರ ನೂರಾರು ಸಣ್ಣ ಹೂಗಳ ಸಂತಿ, ಒಂದೊಂದಕ್ಕೂ ಪರಾಗ ಮುಟ್ಟಬೇಕು. ಜೇನು ಬರದಿದ್ರ ತಟ್ಟೆ ನಡುವೆ ಜೊಳ್ಳು ಹೆಚ್ಚು.

ಹುಳ ಬಿದ್ರೂ ಎಣ್ಣಿ ಹೊಡೀಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಹೂ ಅರಳಿದ ದಿನಗಳಲ್ಲಿ ಮುಂಜಾನೆ ಹೊಡೀಬ್ಯಾಡ್ರಿ. ತೀರಾ ಬೇಕಾದ್ರ ಹೊತ್ತು ಮುಳುಗಿ ಜೇನು ಗೂಡು ಸೇರಿದ ಮೇಲೆ ಹೊಡೀರಿ. ಜೇನಿಗೆ ಬದು ಗೊತ್ತಿಲ್ಲ. ನಿಮ್ಮ ಹೊಲದಾಗ ಸತ್ತದ್ದು ನನ್ನ ಹೊಲದ ಕೂಲಿಯಾಳು, ನನ್ನ ಹೊಲದಾಗ ಸತ್ತದ್ದು ನಿಮ್ಮದು. ಬಾಜೂ ಹೊಲದವರು ಕೂಡಿ ಹೊತ್ತು ಗೊತ್ತು ಮಾಡಿಕೊಂಡ್ರ ಇಬ್ಬರಿಗೂ ಕಾಳು ತುಂಬತೈತಿ. ನಿಮ್ಮ ಊರಾಗ ಹೆಂಗ ಮಾಡ್ತೀರಿ, ಕೆಳಗ ಬರೀರಿ.