ಭೂಮಿ, ಪಿಂಚಣಿ ಮತ್ತು ಸದನದ ಪ್ರಶ್ನೆ: ಲಾರೆನ್ಸ್ ಗಿನೆಲ್ ಅವರನ್ನು ಮುಂದಿಟ್ಟುಕೊಂಡು ಒಂದು ಮರುಪರಿಶೀಲನೆ

ಐರಿಶ್ ಶಾಸಕನ ಮುಖ್ಯ ಕೆಲಸ ಕಾನೂನು ರಚನೆಯಲ್ಲ, ಮತದಾರರ ಪರವಾಗಿ ಅಧಿಕಾರಿಗಳ ಬೆನ್ನು ಹತ್ತುವುದು ಎಂಬ ಮಾತಿಗೆ ವಿದ್ವತ್ತಿನ ಮುದ್ರೆ ಬಿದ್ದದ್ದು 1963ರ ಬೇಸಿಲ್ ಚಬ್ ಅವರ ಪ್ರಬಂಧದಿಂದ. ಮಾರ್ಟ್ ಬಾಕ್ಸ್, ಪಾಲ್ ಸ್ಯಾಕ್ಸ್ ಇದನ್ನು ಕ್ಷೇತ್ರಾಧ್ಯಯನದಿಂದ ಬೆಳೆಸಿದರು. ಲೀ ಕೊಮಿಟೊ 1984ರಲ್ಲಿ ಆಶ್ರಯದಾತ–ಆಶ್ರಿತ ಚೌಕಟ್ಟನ್ನೇ ಪ್ರಶ್ನಿಸಿದರು. ಇಂಥ ನಡವಳಿಕೆ ಇತ್ತೆಂಬುದನ್ನು ಯಾರೂ ಅಲ್ಲಗಳೆದಿಲ್ಲ. ತಕರಾರು ಇರುವುದು ಅದರ ಕಾರಣದ ಬಗ್ಗೆ. ಒಂದೇ ಪಕ್ಷದ ಅಭ್ಯರ್ಥಿಗಳೂ ಪರಸ್ಪರ ಸೆಣಸಬೇಕಾದ ಏಕ ವರ್ಗಾವಣೀಯ ಮತ ಪದ್ಧತಿಯೇ ಇದರ ಬೇರು ಎಂಬ ವಿವರಣೆ ಬಲವಾಗಿ ನೆಲೆಯೂರಿದೆ. ಕಾಲಕ್ರಮ ಈ ವಿವರಣೆಗೆ ಒಪ್ಪುವುದಿಲ್ಲ.

ಆ ಪದ್ಧತಿ ಐರ್ಲೆಂಡಿನ ಸಾಮಾನ್ಯ ಕ್ಷೇತ್ರಗಳಿಗೆ ಬಂದದ್ದು 1920ರ ಕಾಯ್ದೆಯಿಂದ. ಲಾರೆನ್ಸ್ ಗಿನೆಲ್ 1906ರಿಂದ 1918ರವರೆಗೆ ಉತ್ತರ ವೆಸ್ಟ್‌ಮೀತ್ ಎಂಬ ಏಕಸದಸ್ಯ ಕ್ಷೇತ್ರದ ಪ್ರತಿನಿಧಿ. ದೊಡ್ಡ ಹುಲ್ಲುಗಾವಲುಗಳನ್ನು ಹನ್ನೊಂದು ತಿಂಗಳ ಗುತ್ತಿಗೆಗೆ ಕೊಡುವ ಪದ್ಧತಿಯ ವಿರುದ್ಧ ದನ ಅಟ್ಟುವ ಚಳವಳಿ ಹೂಡಿ ಜೈಲು ಕಂಡವರು. 1909ರಲ್ಲಿ ಐರಿಶ್ ಪಕ್ಷದಿಂದ ಹೊರಬಿದ್ದು ಮರುವರ್ಷ ಸ್ವತಂತ್ರವಾಗಿ ಗೆದ್ದರು. ಸ್ವಪಕ್ಷದ ಪ್ರತಿಸ್ಪರ್ಧಿ ಅವರಿಗಿರಲಿಲ್ಲ, ಹಂಚಲು ಕೃಪೆಯೂ ಇರಲಿಲ್ಲ. ಹಾಗಿದ್ದೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಜಮೀನು ಹಂಚಿಕೆಯನ್ನೂ ವೃದ್ಧಾಪ್ಯ ಪಿಂಚಣಿಯನ್ನೂ ಕುರಿತು ಪ್ರಶ್ನೆ ಕೇಳುತ್ತಲೇ ಹೋದರು.

ಇದಕ್ಕೆ ಕಾರಣವನ್ನು 1908ರ ಪಿಂಚಣಿ ಕಾಯ್ದೆಯೊಳಗೇ ಹುಡುಕಬೇಕು. ಎಪ್ಪತ್ತು ದಾಟಿದ, ವರ್ಷಕ್ಕೆ 21 ಪೌಂಡ್ ಮೀರದ ಆದಾಯದವರಿಗೆ ವಾರಕ್ಕೆ 5 ಶಿಲಿಂಗ್. ಆದರೆ ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಆರಂಭವಾದದ್ದು 1864ರಲ್ಲಿ. ವಯಸ್ಸಿನ ರುಜುವಾತಿಗೆ 1841, 1851ರ ಜನಗಣತಿಯ ಹಾಳೆಗಳನ್ನು ತಿರುವಿಹಾಕಬೇಕಿತ್ತು. ಹೆಸರು ಸಿಗದಿದ್ದವರು 1839ರ ಜನವರಿಯ ಮಹಾಬಿರುಗಾಳಿ ತಮಗೆ ನೆನಪಿದೆ ಎನ್ನುತ್ತಿದ್ದರು. ಆದಾಯದ ಲೆಕ್ಕ ಇನ್ನೂ ತೊಡಕಿನದು. ಪಿಂಚಣಿಗಾಗಿ ಆಸ್ತಿ ಬಿಟ್ಟುಕೊಟ್ಟವರಿಗೆ ಆ ಆಸ್ತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕಾಯ್ದೆ ಹೇಳಿತು. ಮಗನ ಮದುವೆಯಲ್ಲಿ ಜಮೀನನ್ನು ಅವನ ಹೆಸರಿಗೆ ಬರೆದು, ಅನ್ನ–ಆಸರೆಗಳನ್ನು ತಮಗೆ ಉಳಿಸಿಕೊಳ್ಳುವುದು ಐರಿಶ್ ರೈತರ ಹಳೆಯ ರೂಢಿ. ಅದು ರೂಢಿಯೋ, ಪಿಂಚಣಿಗಾಗಿ ಹೂಡಿದ ಉಪಾಯವೋ? ಮೊದಲು ಅಬಕಾರಿ ಅಧಿಕಾರಿಯ ತನಿಖೆ, ನಂತರ ಸ್ಥಳೀಯ ಸಮಿತಿಯ ನಿರ್ಣಯ, ಕೊನೆಗೆ ಸ್ಥಳೀಯ ಆಡಳಿತ ಮಂಡಳಿಗೆ ಮೇಲ್ಮನವಿ. ಮಂಡಳಿಯ ಮಾತೇ ಅಂತಿಮ. ಅದರ ಅಧ್ಯಕ್ಷರು ಪದನಿಮಿತ್ತ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿ, ಅಂದರೆ ಆಗಿನ ಅಗಸ್ಟೀನ್ ಬಿರೆಲ್. ಜಮೀನು ಹಂಚಿಕೆಯ ಹೊಣೆ ಹೊತ್ತಿದ್ದ ಭೂ ಆಯೋಗದ ಪರವಾಗಿ ಸದನದಲ್ಲಿ ಉತ್ತರಿಸಬೇಕಾದವರೂ ಅವರೇ. ಆದ್ದರಿಂದ ಅರ್ಜಿ ತಿರಸ್ಕೃತವಾದ ಮುದುಕಿಗೆ ಸದನದ ಪ್ರಶ್ನೆ ಹೆಚ್ಚುಕಡಿಮೆ ಕೊನೆಯ ಮೇಲ್ಮನವಿಯಾಗಿತ್ತು. ಅದನ್ನು ಕೃಪಾರಾಜಕಾರಣವೆಂದು ಕರೆಯುವುದು ಆಕೆಗೂ ಅನ್ಯಾಯ, ಪ್ರಶ್ನೆ ಕೇಳಿದವರಿಗೂ ಅನ್ಯಾಯ.

ಈ ವಾದಕ್ಕೆ ಮಿತಿಗಳುಂಟು. ಗಿನೆಲ್ ಸರಾಸರಿ ಸದಸ್ಯರಲ್ಲ. ಅವರೊಬ್ಬರಿಂದ ಸಾಮಾನ್ಯ ನಿಯಮ ಕಟ್ಟಲಾಗದು. ಸದನದ ನಡಾವಳಿಯಲ್ಲಿ ಪ್ರಶ್ನೆಗಳು ಉಳಿಯುತ್ತವೆ, ಖಾಸಗಿ ಶಿಫಾರಸು ಪತ್ರಗಳು ಉಳಿಯುವುದಿಲ್ಲ. ಹೊಸ ಮತ ಪದ್ಧತಿ ಈ ಅಭ್ಯಾಸವನ್ನು ಹುಟ್ಟಿಸಲಿಲ್ಲ ಎಂದಷ್ಟೇ ನನ್ನ ಪ್ರತಿಪಾದನೆ, ಬೆಳೆಸಿರಬಹುದು. ಒಂದು ಸಂಗತಿಯಂತೂ ನನ್ನ ವಾದಕ್ಕೆ ನೇರವಾಗಿ ಎದುರು ನಿಲ್ಲುತ್ತದೆ. 1933ರ ಭೂ ಕಾಯ್ದೆ ಜಮೀನು ಯಾರಿಗೆ ಸಲ್ಲಬೇಕೆಂಬ ತೀರ್ಮಾನವನ್ನು ಸಚಿವರ ಕೈಯಿಂದ ತಪ್ಪಿಸಿ ಭೂ ಆಯೋಗದ ಆಯುಕ್ತರಿಗೆ ಬಿಟ್ಟಿತು. ಉತ್ತರಿಸುವ ಅಧಿಕಾರವೇ ಇಲ್ಲದ ಸಚಿವರಿಗೆ ಐರಿಶ್ ಸಂಸತ್ತಿನ ಕೆಳಮನೆಯಾದ ಡಾಯ್ಲ್‌ನ ಸದಸ್ಯರು ಆಮೇಲೂ ಅದೇ ಪ್ರಶ್ನೆ ಕೇಳುತ್ತಿದ್ದರು. ಅಲ್ಲಿ ಚಬ್ ಅವರ ವಿವರಣೆ ನನ್ನದಕ್ಕಿಂತ ಹೆಚ್ಚು ಹೊಂದಬಹುದು.