ಕರಾವಳಿಯ ಮನೆಗೆ ಸ್ಮಾರ್ಟ್ ಥರ್ಮೋಸ್ಟಾಟ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ಪರಿಸರದಲ್ಲಿ ಹವಾನಿಯಂತ್ರಣ ಯಂತ್ರವು ಈಗ ಹೋಟೆಲು, ಲಾಡ್ಜುಗಳಿಗಷ್ಟೇ ಸೀಮಿತವಾದ ವಸ್ತುವಲ್ಲ. ಮಾರ್ಚ್ ತಿಂಗಳು ಕಾಲಿಡುತ್ತಿದ್ದಂತೆ ಆರಂಭವಾಗುವ ಸೆಕೆ ಜೂನ್‌ನ ಮೊದಲ ಮಳೆ ಬೀಳುವವರೆಗೂ ಬಿಡುವುದಿಲ್ಲ. ಈ ಅವಧಿಗೆಂದೇ ಮಲಗುವ ಕೋಣೆಗೊಂದು ಏಸಿ ಹಾಕಿಸಿಕೊಂಡ ಮಧ್ಯಮ ವರ್ಗದ ಮನೆಗಳು ಸಾಕಷ್ಟಿವೆ. ಅದರ ಬೆನ್ನಿಗೇ ಬಂದಿರುವುದು ಸ್ಮಾರ್ಟ್ ಥರ್ಮೋಸ್ಟಾಟ್ ಎಂಬ ಹೊಸ ಸಾಧನದ ಜಾಹೀರಾತು. ಮೊಬೈಲ್ ಫೋನಿನಿಂದಲೇ ಕೋಣೆಯ ತಂಪನ್ನು ನಿಯಂತ್ರಿಸಬಹುದು, ವಿದ್ಯುತ್ ಬಿಲ್ಲನ್ನು ಗಣನೀಯವಾಗಿ ಇಳಿಸಬಹುದು ಎಂಬುದು ಅದರ ಭರವಸೆ. ಈ ಭರವಸೆ ಹುಟ್ಟಿದ ದೇಶದ ಹವೆಯೇ ಬೇರೆ, ಮನೆಗಳ ರಚನೆಯೇ ಬೇರೆ. ಹಾಗಾಗಿ ಹಣ ತೆರುವ ಮುನ್ನ ಈ ಸಾಧನದ ಮೂಲ ಸ್ವರೂಪವನ್ನು ತಿಳಿಯುವುದು ಒಳ್ಳೆಯದು.

ಎಲ್ಲಿಂದ ಬಂತು?

ಉಷ್ಣತೆಯನ್ನು ಗ್ರಹಿಸಿ, ನಿಗದಿಪಡಿಸಿದ ಮಟ್ಟಕ್ಕೆ ತಕ್ಕಂತೆ ಯಂತ್ರವನ್ನು ಚಾಲೂ ಮಾಡುವ ಅಥವಾ ನಿಲ್ಲಿಸುವ ಸಾಧನವೇ ಥರ್ಮೋಸ್ಟಾಟ್. ಇಸ್ತ್ರಿ ಪೆಟ್ಟಿಗೆ, ಫ್ರಿಜ್, ಗೀಸರ್‌ಗಳಲ್ಲಿ ಅದು ಬಹುಕಾಲದಿಂದ ಇದೆ. ಕೋಣೆಯ ಉಷ್ಣತೆಗೆಂದು ವಿದ್ಯುತ್ ಥರ್ಮೋಸ್ಟಾಟ್ ರೂಪಿಸಿ 1883ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ವಿಸ್ಕಾನ್ಸಿನ್‌ನ ಅಧ್ಯಾಪಕ ವಾರೆನ್ ಜಾನ್ಸನ್. ಅದಕ್ಕೆ ಅಂತರಜಾಲದ ಸಂಪರ್ಕವನ್ನೂ, ಮನೆಯವರ ದಿನಚರಿಯನ್ನು ತಾನಾಗಿ ಕಲಿಯುವ ಸಾಮರ್ಥ್ಯವನ್ನೂ ಸೇರಿಸಿ ಜನಪ್ರಿಯಗೊಳಿಸಿದ್ದು 2011ರಲ್ಲಿ ಮಾರುಕಟ್ಟೆಗೆ ಬಂದ ನೆಸ್ಟ್. 2014ರಲ್ಲಿ ಗೂಗಲ್ ಸಂಸ್ಥೆ 320 ಕೋಟಿ ಡಾಲರ್ ತೆತ್ತು ಆ ಕಂಪನಿಯನ್ನು ಕೊಂಡ ಬಳಿಕ ಈ ಸಾಧನ ಜಗತ್ತಿನಾದ್ಯಂತ ಮನೆಮಾತಾಯಿತು.

ಅಮೆರಿಕದ ಬಹುತೇಕ ಮನೆಗಳಲ್ಲಿ ಇಡೀ ಮನೆಗೆ ಒಂದೇ ತಾಪನ ಯಂತ್ರ, ಒಂದೇ ತಂಪುಗೊಳಿಸುವ ಯಂತ್ರ. ಅಲ್ಲಿಂದ ಕೊಳವೆಗಳ ಮೂಲಕ ಗಾಳಿ ಎಲ್ಲ ಕೋಣೆಗಳಿಗೂ ಹರಿಯುತ್ತದೆ. ಗೋಡೆಯ ಮೇಲಿನ ಒಂದು ಥರ್ಮೋಸ್ಟಾಟ್ 24 ವೋಲ್ಟಿನ ಸಣ್ಣ ತಂತಿಗಳ ಮೂಲಕ ಅದನ್ನೆಲ್ಲ ಆಳುತ್ತದೆ. ಚಳಿಗಾಲದಲ್ಲಿ ಮನೆಯವರು ಕೆಲಸಕ್ಕೆ ಹೋದ ಮೇಲೂ ಇಡೀ ಮನೆ ಬೆಚ್ಚಗಾಗುತ್ತಲೇ ಇರುವುದು ದೊಡ್ಡ ಪೋಲು. ಅದನ್ನು ತಡೆಯುವುದರಲ್ಲೇ ಸ್ಮಾರ್ಟ್ ಥರ್ಮೋಸ್ಟಾಟಿನ ಹೆಚ್ಚುಗಾರಿಕೆ ಇದೆ. ಅಷ್ಟಾಗಿಯೂ ಅಮೆರಿಕ ಸರಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮವು ಅಂದಾಜಿಸಿರುವ ಸರಾಸರಿ ಉಳಿತಾಯ, ತಾಪನ ಮತ್ತು ತಂಪಿನ ವೆಚ್ಚದ ಸುಮಾರು ಶೇ. 8 ಮಾತ್ರ.

ಕೋಟ, ಗಂಗೊಳ್ಳಿ ಅಥವಾ ಉಪ್ಪುಂದದ ಮನೆಗೆ ತಾಪನ ಯಂತ್ರದ ಅಗತ್ಯವೇ ಇಲ್ಲ. ಇಲ್ಲಿರುವುದು ಒಂದು ಕೋಣೆಗೆ ಒಂದು ಸ್ಪ್ಲಿಟ್ ಏಸಿ; ಅದರ ಥರ್ಮೋಸ್ಟಾಟ್ ಅದರೊಳಗೇ ಇದೆ. ಗೋಡೆಗೆ ಕೂರಿಸುವ ವಿದೇಶಿ ಮಾದರಿಯ ಸಾಧನವನ್ನು ಸಾಮಾನ್ಯ ಸ್ಪ್ಲಿಟ್ ಏಸಿಗೆ ನೇರವಾಗಿ ಜೋಡಿಸಲು ಬರುವುದಿಲ್ಲ. ವಿದೇಶದಿಂದ ಊರಿಗೆ ಬರುವ ನೆಂಟರ ಮೂಲಕ ಅದನ್ನು ತರಿಸಬೇಕೆನ್ನುವವರು ಇದನ್ನು ಮೊದಲು ಗಮನಿಸಬೇಕು.

ಇಲ್ಲಿ ದೊರೆಯುವುದು ಏನು?

ಈ ಭಾಗದ ಗ್ರಾಹಕರ ಮುಂದೆ ವಾಸ್ತವವಾಗಿ ಎರಡು ದಾರಿಗಳಿವೆ. ಮೊದಲನೆಯದು ವೈಫೈ ಸೌಲಭ್ಯವನ್ನು ಒಳಗೊಂಡೇ ಬರುವ ಏಸಿ. ಎರಡನೆಯದು ಹಳೆಯ ಏಸಿಯ ಎದುರಿಗೆ ಇಡುವ ಪುಟ್ಟ ನಿಯಂತ್ರಕ. ಇದು ರಿಮೋಟಿನ ಅವಕೆಂಪು ಸಂಕೇತವನ್ನೇ ಅನುಕರಿಸಿ ಏಸಿಗೆ ಆದೇಶ ನೀಡುತ್ತದೆ. ಆದರೆ ಆದೇಶ ತಲುಪಿತೇ ಇಲ್ಲವೇ ಎಂಬುದನ್ನು ತಿಳಿಯುವ ದಾರಿ ಇಂಥ ಅಗ್ಗದ ಸಾಧನಗಳಲ್ಲಿ ಹಲವಕ್ಕೆ ಇಲ್ಲ. ಮನೆಯಲ್ಲಿ ಯಾರೋ ರಿಮೋಟ್ ಒತ್ತಿ ಏಸಿ ನಿಲ್ಲಿಸಿದ್ದರೂ ಮೊಬೈಲ್ ಪರದೆಯ ಮೇಲೆ ಅದು ಚಾಲೂ ಇರುವಂತೆಯೇ ತೋರಬಹುದು.

ಇನ್‌ವರ್ಟರ್ ಏಸಿ ಇದ್ದವರಿಗೆ ಇನ್ನೊಂದು ತೊಡಕಿದೆ. ಕೋಣೆ ತಂಪಾಗುತ್ತಿದ್ದಂತೆ ಕಂಪ್ರೆಸರಿನ ವೇಗವನ್ನು ತಾನಾಗಿ ತಗ್ಗಿಸಿ ವಿದ್ಯುತ್ ಉಳಿಸುವುದು ಅದರ ಗುಣ. ಹೊರಗಿನ ನಿಯಂತ್ರಕವೊಂದು ಉಷ್ಣತೆ ನೋಡಿ ಅದನ್ನು ಪದೇ ಪದೇ ನಿಲ್ಲಿಸಿ ಚಾಲೂ ಮಾಡಿದರೆ ಆ ಪ್ರಯೋಜನ ಕೈತಪ್ಪುತ್ತದೆ. ಒಂದೇ ಗಾಡಿಗೆ ಇಬ್ಬರು ಸಾರಥಿಗಳಾದಂತೆ.

ರೂಪಾಯಿ ಲೆಕ್ಕ

ಒಂದೂವರೆ ಟನ್ನಿನ ಇನ್‌ವರ್ಟರ್ ಏಸಿ ರಾತ್ರಿಯ 8 ಗಂಟೆಗಳಲ್ಲಿ 5 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ 100 ರಾತ್ರಿ ಬಳಸಿದರೆ 500 ಯೂನಿಟ್. ತೆರಿಗೆ ಮುಂತಾದವನ್ನು ಸೇರಿಸಿ ಯೂನಿಟ್ಟಿಗೆ ಸ್ಥೂಲವಾಗಿ 6.50 ರೂ. ಹಿಡಿದರೆ ವರ್ಷದ ವೆಚ್ಚ 3,250 ರೂ. ಸ್ಮಾರ್ಟ್ ಸಾಧನ ಇದರಲ್ಲಿ ಶೇ. 10ನ್ನು ಉಳಿಸಿತೆಂದು ಉದಾರವಾಗಿ ಒಪ್ಪಿದರೂ ಸಿಗುವುದು 50 ಯೂನಿಟ್, ಅಂದರೆ 325 ರೂ. ವೈಫೈಗೆ ಸದಾ ಅಂಟಿಕೊಂಡಿರುವ ಸಾಧನ ಸ್ವತಃ 2 ವಾಟ್ ಬಳಸಿದರೆ ವರ್ಷಕ್ಕೆ 17 ಯೂನಿಟ್ ಅದಕ್ಕೇ ಹೋಯಿತು. ಉಳಿದ 33 ಯೂನಿಟ್ಟಿಗೆ ಬರುವುದು 215 ರೂ. ಸಾಧನಕ್ಕೆ 1,500 ರೂ. ಕೊಟ್ಟರೆ ಅಸಲು ಮರಳಲು ಏಳು ವರ್ಷ ಬೇಕು, 6,000 ರೂ. ಕೊಟ್ಟರೆ ಆ ಸಾಧನದ ಆಯುಷ್ಯವೇ ಸಾಲದು.

ಶೇ. 10ರ ಉಳಿತಾಯವೂ ಇಲ್ಲಿ ಸುಲಭವಲ್ಲ. ಜನ ಇಲ್ಲದ ಹೊತ್ತಿನಲ್ಲಿ ಯಂತ್ರ ನಿಲ್ಲಿಸುವುದೇ ಉಳಿತಾಯದ ಮೂಲವಾಗಿರುವಾಗ, ಮಲಗುವಾಗ ಮಾತ್ರ ಹಾಕಿ ಎದ್ದಾಗ ಆರಿಸುವ ಮನೆಯಲ್ಲಿ ಉಳಿಸಲು ಉಳಿದಿರುವುದಾದರೂ ಏನು?

ಇದಕ್ಕೆ ಪ್ರತಿಯಾಗಿ ಖರ್ಚಿಲ್ಲದ ಉಪಾಯವೊಂದಿದೆ. ಏಸಿಯ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತೆ ಬ್ಯೂರೋದ ಅಂದಾಜು. 20 ಡಿಗ್ರಿಯಲ್ಲಿ ಮಲಗುವವರು 24ಕ್ಕೆ ಏರಿಸಿದರೆ ಮೇಲಿನ ಲೆಕ್ಕದಲ್ಲೇ 120 ಯೂನಿಟ್, 780 ರೂ. ಉಳಿಯಿತು. 2020ರ ಜನವರಿ 1ರಿಂದ ದೇಶದಲ್ಲಿ ಸ್ಟಾರ್ ಲೇಬಲಿನ ಕೋಣೆ ಏಸಿಗಳೆಲ್ಲ ಮೊದಲು ಚಾಲೂ ಆಗುವಾಗ 24 ಡಿಗ್ರಿಗೇ ನಿಲ್ಲಬೇಕೆಂಬ ನಿಯಮ ಬಂದುದು ಇದೇ ಕಾರಣಕ್ಕೆ. ಕರಾವಳಿಯಲ್ಲಿ ಬಾಧಿಸುವುದು ಉಷ್ಣತೆಗಿಂತ ಮಿಗಿಲಾಗಿ ಗಾಳಿಯ ತೇವಾಂಶ. ತೇವ ಕಡಿಮೆಯಾಗಿ ತಲೆಯ ಮೇಲೊಂದು ಫ್ಯಾನ್ ನಿಧಾನಕ್ಕೆ ತಿರುಗುತ್ತಿದ್ದರೆ 26 - 27 ಡಿಗ್ರಿಯಲ್ಲೂ ನಿದ್ದೆ ಬರುತ್ತದೆ. ರಿಮೋಟಿನಲ್ಲಿರುವ ‘ಡ್ರೈ’ ಗುಂಡಿಯನ್ನು ಒಮ್ಮೆಯೂ ಒತ್ತಿ ನೋಡದವರು ಹೊಸ ಸಾಧನದ ಬಗ್ಗೆ ಯೋಚಿಸುವ ಮುನ್ನ ಅದನ್ನೊಮ್ಮೆ ಪ್ರಯತ್ನಿಸಬಹುದು.

ಫ್ಯಾನಿನ ವಿಷಯ ಬಂದಿತಾದ್ದರಿಂದ ಇನ್ನೊಂದು ಹೋಲಿಕೆ. ಹಳೆಯ ಫ್ಯಾನ್ ಸುಮಾರು 75 ವಾಟ್ ಬಳಸಿದರೆ ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನ್‌ಗೆ 35 ವಾಟ್ ಸಾಕು. ಕರಾವಳಿಯಲ್ಲಿ ಫ್ಯಾನ್ ವರ್ಷದ 300 ದಿನ, ದಿನಕ್ಕೆ 12 ಗಂಟೆ ತಿರುಗುವುದು ವಿಶೇಷವೇನಲ್ಲ. ಉಳಿತಾಯ 144 ಯೂನಿಟ್. ಒಂದು ಫ್ಯಾನ್ ಬದಲಿಸಿದರೆ ಸ್ಮಾರ್ಟ್ ಸಾಧನದ ನಾಲ್ಕು ಪಟ್ಟು ಫಲ!

ಗೃಹಜ್ಯೋತಿಯ 200 ಯೂನಿಟ್ ಗಡಿ

ಮೇಲಿನ ಲೆಕ್ಕವನ್ನು ತಲೆಕೆಳಗು ಮಾಡಬಲ್ಲ ಅಂಶವೊಂದಿದೆ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಪ್ರತಿ ಮನೆಗೆ ಉಚಿತ ಯೂನಿಟ್ ನಿಗದಿಯಾಯಿತು. ತೀರಾ ಕಡಿಮೆ ಬಳಕೆಯ ಮನೆಗಳಿಗೆ 2024ರಲ್ಲಿ ಇದನ್ನು ಸಡಿಲಿಸಲಾಯಿತು. ನಿಗದಿಗಿಂತ ಹೆಚ್ಚು ಬಳಸಿದರೆ ಹೆಚ್ಚುವರಿಗಷ್ಟೇ ಹಣ. ಆದರೆ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ತೆರಬೇಕು.

143 ಯೂನಿಟ್ ಉಚಿತ ಅರ್ಹತೆಯುಳ್ಳ ಮನೆಯೊಂದನ್ನು ತೆಗೆದುಕೊಳ್ಳೋಣ. ಏಪ್ರಿಲ್‌ನಲ್ಲಿ 195 ಯೂನಿಟ್ ಬಳಸಿದರೆ 52 ಯೂನಿಟ್ಟಿಗೆ 338 ರೂ. ಬಳಕೆ 205 ಆದರೆ ಅಷ್ಟಕ್ಕೂ ಸೇರಿ 1,332 ರೂ., ಸ್ಥಿರ ಶುಲ್ಕ ಬೇರೆ. ಹತ್ತು ಯೂನಿಟ್, ಅಂದರೆ ಎರಡು ರಾತ್ರಿಯ ಏಸಿ, ಸಾವಿರ ರೂಪಾಯಿಯ ವ್ಯತ್ಯಾಸ ತರುತ್ತದೆ. ಬೇಸಗೆಯಲ್ಲಿ 180ರಿಂದ 220ರ ನಡುವೆ ತೂಗಾಡುವ ಮನೆಗೆ ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ ತಾನಾಗಿ ಏಸಿ ಆರಿಸುವ, ದಿನದ ಬಳಕೆಯನ್ನು ತೋರಿಸುವ ಸಾಧನ ಒಂದೇ ಬೇಸಗೆಯಲ್ಲಿ ತನ್ನ ಬೆಲೆಯನ್ನು ದುಡಿದುಕೊಟ್ಟೀತು. ಅದೇ ಕೆಲಸವನ್ನು ರಿಮೋಟಿನ ಟೈಮರ್ ಹಾಗೂ ಪ್ರತಿ ಭಾನುವಾರ ಮೀಟರ್ ನೋಡಿ ಬರೆದಿಡುವ ಪುಸ್ತಕ ಬಿಟ್ಟಿಯಾಗಿ ಮಾಡುತ್ತವೆ ಎಂಬುದೂ ನಿಜ. ಹಿಂದಿನ ರೀಡಿಂಗಿನ ದಿನಾಂಕ ಮೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ. ಲೆಕ್ಕವನ್ನು ತಿಂಗಳ ಒಂದನೇ ತಾರೀಕಿನಿಂದ ಅಲ್ಲ, ಆ ದಿನದಿಂದ ಆರಂಭಿಸಬೇಕು.

ಇನ್ನು ಶೂನ್ಯ ಬಿಲ್ಲು ಬರುವ ಮನೆಗೆ ಉಳಿಸಿದ ಯೂನಿಟ್ಟಿನಿಂದ ಕಿಸೆಗೆ ಬರುವುದು ಏನೂ ಇಲ್ಲ.

ಯಾರಿಗೆ ಒಪ್ಪೀತು?

ಕುಂದಾಪುರ ಸೀಮೆಯ ಅನೇಕ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬಯಿ ಇಲ್ಲವೇ ಗಲ್ಫ್ ದೇಶಗಳಲ್ಲಿದ್ದು, ಊರಿನಲ್ಲಿ ಹಿರಿಯರಿಬ್ಬರೇ ಇರುತ್ತಾರೆ. ಅಂಥಲ್ಲಿ ಈ ಸಾಧನದ ಬೆಲೆಯನ್ನು ಯೂನಿಟ್ಟಿನಲ್ಲಿ ಅಳೆಯಬೇಕಾಗಿಲ್ಲ. ರಿಮೋಟಿನ ಸಣ್ಣ ಅಕ್ಷರ ಕಾಣದ ತಾಯಿಯ ಕೋಣೆ ಮಧ್ಯರಾತ್ರಿ ತೀರಾ ತಣ್ಣಗಾದರೆ ದೂರದಲ್ಲಿರುವ ಮಗಳು ಅದನ್ನು ಸರಿಪಡಿಸಬಹುದು. ಆದರೆ ಹಿರಿಯರಿಗೆ ತಿಳಿಯದಂತೆ ದೂರದಿಂದ ಏಸಿ ಆರಿಸುವುದು ಮನೆಯೊಳಗೆ ಜಗಳಕ್ಕೂ ದಾರಿಯಾದೀತು. ಹೇಳಿ ಮಾಡುವುದು ಲೇಸು. ಮನೆಯಲ್ಲಿ ಯಾರು ಯಾವಾಗ ಇರುತ್ತಾರೆಂಬ ಮಾಹಿತಿ ಕಂಪನಿಯ ಗಣಕಗಳಿಗೆ ಸೇರುತ್ತದೆಂಬುದನ್ನೂ ಮರೆಯಲಾಗದು.

ಕೊಲ್ಲೂರಿನಂಥ ಯಾತ್ರಾಸ್ಥಳದ ಲಾಡ್ಜು, ಕಡಲತೀರದ ಹೋಂಸ್ಟೇಗಳ ಲೆಕ್ಕ ಬೇರೆಯೇ. ಅತಿಥಿಗಳು ಏಸಿ ಹಾಕಿಯೇ ದರ್ಶನಕ್ಕೆ ಹೊರಡುವುದು ಅಲ್ಲಿ ನಿತ್ಯದ ಸಂಗತಿ. ಕೀಲಿ ಕಾರ್ಡ್ ತೆಗೆದೊಡನೆ ವಿದ್ಯುತ್ ಕಡಿಯುವ ಸ್ವಿಚ್ಚು ಇಂಥಲ್ಲಿ ಮೊದಲ ಆಯ್ಕೆ. ಹತ್ತಾರು ಕೋಣೆಗಳಿದ್ದರೆ ಎಲ್ಲವನ್ನೂ ಒಂದೆಡೆಯಿಂದ ಗಮನಿಸುವ ವ್ಯವಸ್ಥೆಗೆ ಹಣ ಹಾಕಿದರೂ ನಷ್ಟವಿಲ್ಲ.

ಹಂಚಿನ ಮಾಡಿನ ಹಳೆಯ ಮನೆಗಳಿಗೆ ಇದಾವುದೂ ಅನ್ವಯಿಸದು. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಹೋಗುವಂತೆ ಕಟ್ಟಿದ ಆ ಮನೆಗಳಲ್ಲಿ ತಂಪು ಗಾಳಿಯೂ ನಿಲ್ಲುವುದಿಲ್ಲ. ಮುಚ್ಚಿಗೆ ಇಲ್ಲದೆ ಏಸಿ ಹಾಕಿದರೆ ಯಾವ ಥರ್ಮೋಸ್ಟಾಟಿಗೂ ಅದನ್ನು ನಿಲ್ಲಿಸುವ ಅವಕಾಶ ಸಿಗದು. ತಾರಸಿ ಮನೆಯವರು ಮೇಲೊಂದು ಶೀಟಿನ ಮಾಡು ಹಾಕಿಸಿದ್ದರೆ, ಅದು ಮಳೆಗೆಂದೇ ಹಾಕಿದ್ದಾದರೂ ಬೇಸಗೆಯ ಬಿಸಿಲನ್ನೂ ತಾರಸಿಗೆ ತಗುಲದಂತೆ ತಡೆಯುತ್ತದೆ.

ಗೀಸರಿಗೆ ಸ್ಮಾರ್ಟ್ ಪ್ಲಗ್ ಕೊಳ್ಳುವವರು 16 ಆಂಪಿಯರ್‌ದನ್ನೇ ಕೊಳ್ಳಬೇಕು. ಒಳಗಿನ ಥರ್ಮೋಸ್ಟಾಟನ್ನು 50 ಡಿಗ್ರಿಯ ಆಸುಪಾಸಿಗೆ ಇಳಿಸಿ, ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿದರೆ ಅದೂ ಬೇಕಾಗದು. ಬಚ್ಚಲಿನ ಹಂಡೆಗೆ ಇಂದಿಗೂ ತೆಂಗಿನ ಸಿಪ್ಪೆಯ ಬೆಂಕಿ ಹಾಕುವ ಮನೆಗಳಿಗೆ ಈ ಚಿಂತೆಯೇ ಇಲ್ಲ.

ಅಂಗಡಿಯಲ್ಲಿ ಕೇಳಬೇಕಾದುದು

ಕೊಳ್ಳಲೇಬೇಕೆಂದು ನಿರ್ಧರಿಸಿದವರು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಅಂತರಜಾಲ ಇಲ್ಲದಾಗ ಸಾಧನ ಕೆಲಸ ಮಾಡುವುದೇ? ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು, ಗಂಟೆಗಟ್ಟಲೆ ಕರೆಂಟು ಹೋಗಿ ಬಂದಾಗ ಹಿಂದಿನ ಸೂಚನೆಗಳು ಅದರ ನೆನಪಿನಲ್ಲಿ ಉಳಿಯುವುವೇ? ತನ್ನ ಏಸಿಯ ಮಾದರಿಗೆ ಅದು ಹೊಂದುವುದೇ? ಕಂಪನಿ ಎಷ್ಟು ವರ್ಷ ತಂತ್ರಾಂಶದ ಬೆಂಬಲ ನೀಡುತ್ತದೆ? ಕೊನೆಯ ಪ್ರಶ್ನೆ ಸಣ್ಣದಲ್ಲ. 2011 ಹಾಗೂ 2012ರ ನೆಸ್ಟ್ ಮಾದರಿಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಂದು ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ಅವು ಮಾಮೂಲಿ ಥರ್ಮೋಸ್ಟಾಟಿನಂತೆ ಕೆಲಸ ಮಾಡುತ್ತವೆ, ಆದರೆ ಮೊಬೈಲಿನ ನಂಟು ಕಡಿದುಹೋಗಿದೆ.

ಮರವಂತೆ, ತ್ರಾಸಿ, ಕೋಡಿಯಂಥ ಕಡಲ ಬದಿಯ ಊರುಗಳವರು ಸ್ಮಾರ್ಟ್ ಸಾಧನಕ್ಕೆಂದು ತೆಗೆದಿಟ್ಟ ಹಣವನ್ನು ಏಸಿಯ ಹೊರಘಟಕಕ್ಕೆ ಹಾಕುವುದು ಹೆಚ್ಚು ಲಾಭಕರ. ಉಪ್ಪುಗಾಳಿಗೆ ಅದರ ಸುರುಳಿಗಳು ಬೇಗನೆ ಸವೆಯುತ್ತವೆ, ತುಕ್ಕು ಹಿಡಿದ ಘಟಕ ಅದೇ ತಂಪಿಗೆ ಹೆಚ್ಚು ವಿದ್ಯುತ್ ಕೇಳುತ್ತದೆ. ರಕ್ಷಣಾ ಲೇಪನವುಳ್ಳ ತಾಮ್ರದ ಸುರುಳಿಯ ಮಾದರಿಯನ್ನು ಆರಿಸಿ, ಬೇಸಗೆಗೆ ಮುನ್ನ ಒಮ್ಮೆ, ನಡುವೆ ಒಮ್ಮೆ ತಿಳಿದವರಿಂದ ಸಿಹಿನೀರಿನಲ್ಲಿ ತೊಳೆಸಬೇಕು. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಏಸಿಯನ್ನೂ ವೈಫೈ ಪೆಟ್ಟಿಗೆಯನ್ನೂ ಮೊಬೈಲಿನಿಂದ ಆರಿಸಿದರೆ ಸಾಲದು, ಗೋಡೆಯ ಪ್ಲಗ್ಗನ್ನೇ ಕಳಚಿಡಬೇಕು.